ದೋಣಿಗೊಂದು ಹೊದಿಕೆ, ಹೊದಿಕೆಗೊಂದು ಹೊಲಿಗೆ



ಸಂಘದ ಯುಗಾದಿ ಕಾರ್ಯಕ್ರಮದ ದಿನ ಊಟದ ಸಾಲಿನಲ್ಲಿ ಕನಿಷ್ಠ ಹತ್ತು ಜನ ನನ್ನನ್ನು "ದೋಣಿ ಮುಳುಗಿಸಿದಿರಂತೆ?" ಎಂದು ವಿಚಾರಿಸಿಕೊಂಡರು. ದೋಣಿ ಮುಳುಗಿಲ್ಲ. ನಮ್ಮ ಮನೆಯ ಪಕ್ಕ ಟ್ರೈಲರ್ ಮೇಲೆ ನಿಂತಿದ್ದ ದೋಣಿಯೊಳಗೆ ನೀರು ಬಂದು ಕೂತಿತ್ತು, ಅಷ್ಟೆ. ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರ ಹೇಳಿ ಸಾಕಾಗಿ ಒಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ದೋಣಿ ಇರುವವರಿಗೆ ಹೇಗೂ ಉಪಯೋಗವಾದೀತು. ಇಲ್ಲದವರ ಮನೆಯಲ್ಲೂ ಕ್ಯಾಂಪಿಂಗ್ ಟೆಂಟು, ಗ್ರಿಲ್ಲಿನ ಕವರು, ಡೆಕ್ಕಿನ ಮೇಲಿನ ಛತ್ರಿ ಏನಾದರೂ ಹೊಲಿಗೆ ಬಿಟ್ಟುಕೊಂಡು ಕೂತಿರುತ್ತದೆ.

ಮಿನ್ನೆಸೋಟದ ಕಾರುಗಳ ನಂಬರ್ ಪ್ಲೇಟಿನ ಮೇಲೆ '10,000 ಕೆರೆಗಳು' ಎಂದು ಬರೆದಿರುವುದನ್ನು ದಿನಾ ನೋಡುತ್ತೇವಲ್ಲ, ಅದು ವಿನಯದ ಮಾತು. ಹತ್ತು ಎಕರೆಗಿಂತ ದೊಡ್ಡವನ್ನೇ ಎಣಿಸಿದರೂ ಇಲ್ಲಿ 11,842 ಕೆರೆಗಳಿವೆ. ಇಷ್ಟು ನೀರಿನ ನಡುವೆ ಇದ್ದೂ ದೋಣಿ ಇಲ್ಲದಿದ್ದರೆ ಹೇಗೆ ಎಂದು ನಾವು ಮೂರು ಸಂಸಾರಗಳು, ಒಂದು ಮೈಸೂರು, ಒಂದು ಧಾರವಾಡ, ಒಂದು ಸಾಗರ (ಅದು ನಾವು), ಸೇರಿ ಹದಿನಾರು ಅಡಿಯ ಒಂದು ಹಳೇ ಅಲ್ಯೂಮಿನಿಯಂ ದೋಣಿ ಕೊಂಡೆವು. ಮೂರು ಮನೆಯಲ್ಲೂ ಮೀನು ತಿನ್ನುವವರಿಲ್ಲ. ಕೆರೆಯ ಮಧ್ಯೆ ನಿಲ್ಲಿಸಿಕೊಂಡು ಪುಳಿಯೋಗರೆ ತಿಂದು ವಾಪಸ್ ಬರುತ್ತೇವೆ. ಚಳಿಗಾಲದಲ್ಲಿ ದೋಣಿ ಒಂದೊಂದು ವರ್ಷ ಒಬ್ಬೊಬ್ಬರ ಮನೆಯಲ್ಲಿ. ಈ ಸಲ ನನ್ನ ಸರದಿ.

ಅಕ್ಟೋಬರ್‌ನಲ್ಲಿ ಹೊದಿಕೆ ಹಾಕಿ ಪಟ್ಟಿ ಬಿಗಿದೆ. ಹೊದಿಕೆಯ ನಡುವೆ ಕೆಳಗಿನಿಂದ ಒಂದು ಕಂಬ ಕೊಟ್ಟು ಗುಡಾರದ ಹಾಗೆ ಎತ್ತಿ ನಿಲ್ಲಿಸಬೇಕು. ಕಂಬ ಗರಾಜಿನ ಮೂಲೆಯಲ್ಲೇ ಉಳಿಯಿತು. ಸೋಮಾರಿತನ ಎಂದರೆ ಒಪ್ಪುತ್ತೇನೆ. ಏಪ್ರಿಲ್‌ನಲ್ಲಿ ಹಿಮ ಕರಗಿ, ಅದರ ಮೇಲೆ ಎರಡು ದಿನ ಮಳೆ ಬಂತು. ಮೂರನೇ ದಿನ ನೋಡುತ್ತೇನೆ, ಮುಂದಿನ ಗಾಜಿನ ಹಿಂದೆ ಹೊದಿಕೆಯ ಹೊಲಿಗೆ ನಾಲ್ಕು ಅಡಿ ಉದ್ದಕ್ಕೆ ಬಾಯಿಬಿಟ್ಟುಕೊಂಡಿದೆ, ಕೆಳಗೆ ಸೀಟಿನ ಮೆತ್ತೆ ತೇಲುತ್ತಿದೆ. ದೋಣಿಯ ತಳದ ಬಿರಡೆ ತೆಗೆದೇ ಇತ್ತು. ಕೆರೆಯಿಂದ ದೋಣಿ ಹೊರಗೆ ತಂದ ಮೇಲೆ ಬಿರಡೆ ತೆಗೆದೇ ಸಾಗಿಸಬೇಕೆನ್ನುವುದು ಇಲ್ಲಿನ ಕಾನೂನು. ಆದರೆ ಬಿರಡೆಯ ತೂತು ಇರುವುದು ಹಿಂದೆ, ನಾನು ಟ್ರೈಲರಿನ ಮುಂಭಾಗ ತಗ್ಗಿಸಿ ನಿಲ್ಲಿಸಿದ್ದೆ. ನೀರು ಹೋಗುವುದಾದರೂ ಎಲ್ಲಿಗೆ? ನಮ್ಮ ದೋಣಿಯ ನೆಲ ಪ್ಲೈವುಡ್‌ನದು. ಅದು ನೆಂದು ಕೊಳೆತರೆ ಹೊದಿಕೆಯ ಖರ್ಚಲ್ಲ, ದೋಣಿಯೇ ಹೋದಂತೆ. ಮಿಕ್ಕ ಇಬ್ಬರಿಗೆ ಫೋನ್ ಮಾಡುವಾಗ ಕೈ ನಡುಗಿತು. ಧಾರವಾಡದವರು ಮಾತ್ರ "ಹೊಲದ್ರ ಆತು ತಗೋರಿ" ಎಂದು ನಕ್ಕರು.

ಅಂಗಡಿಯಲ್ಲಿ ಹೊಸ ಹೊದಿಕೆಗೆ 700 ಡಾಲರ್ ಕೇಳಿದರು. ರಿಪೇರಿಗೆ 180, ಅದೂ ಐದು ವಾರ ಬಿಟ್ಟು. ನಾನೇ ಮಾಡುತ್ತೇನೆಂದು ಹೊರಟು ಮೊದಲು ಮಾಡಿದ ಕೆಲಸ ಪೂರ್ತಿ ತಪ್ಪು. ಮನೆಯಲ್ಲಿದ್ದ ನೈಲಾನ್ ದಾರ ತೆಗೆದುಕೊಂಡು, ಹಳೇ ಹೊಲಿಗೆಯ ಪಕ್ಕದಲ್ಲಿ ಒತ್ತೊತ್ತಾಗಿ ಹೊಸ ಹೊಲಿಗೆ ಹಾಕಿದೆ. ಪಟ್ಟಿ ಬಿಗಿದ ಕೂಡಲೇ ಬಟ್ಟೆ ಆ ಸಾಲಿನಲ್ಲೇ ಬಿರಿಯಲು ಶುರುವಾಯಿತು. ಅಂಚೆಚೀಟಿಯ ಹಾಳೆಯಲ್ಲಿ ತೂತಿನ ಸಾಲು ಇರುವುದು ಸುಲಭವಾಗಿ ಹರಿಯಲಿ ಎಂದು ತಾನೆ? ನಾನು ಕೂತು ಅದನ್ನೇ ಕೈಯಾರೆ ಮಾಡಿದ್ದೆ. ಆಮೇಲೆ ಡಕ್ಟ್ ಟೇಪ್ ಅಂಟಿಸಿದೆ. ಟೇಪು ಒಂದು ವಾರದಲ್ಲಿ ಎದ್ದು ಬಂತು, ಅದರ ಅಂಟು ಇನ್ನೂ ಇದೆ.

ಆಗ ಊರಿನಿಂದ ಅಮ್ಮ ಬಂದಿದ್ದಳು. ನಮ್ಮದು ಅಡಿಕೆ ತೋಟದ ಮನೆ. ಚೀಲ ತುಂಬಿ ದಬ್ಬಣದಲ್ಲಿ ಬಾಯಿ ಹೊಲಿದು ಮಂಡಿಗೆ ಕಳಿಸುವುದನ್ನು ನೋಡುತ್ತಲೇ ಬೆಳೆದವನು ನಾನು, ನೋಡಿದ್ದಷ್ಟೇ. ಅಮ್ಮ ಗರಾಜಿಗೆ ಬಂದು ಹೊದಿಕೆಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ, "ಬಟ್ಟೆ ಎಲ್ಲೋ ಹರಿದಿದೆ? ನೂಲು ಸತ್ತಿರೋದು ಕಣೋ" ಅಂದಳು. ಇಡೀ ಲೇಖನದ ಸಾರ ಇಷ್ಟೇ. ಮಿಕ್ಕಿದ್ದು ನಾನು ಓದಿ, ಮಾಡಿ ಕಲಿತದ್ದು.

ಈ ಹೊದಿಕೆಗಳನ್ನು ಕ್ಯಾನ್ವಾಸ್ ಎಂದು ಕರೆದರೂ ಈಗ ಹೆಚ್ಚಿನವು ಹತ್ತಿಯವಲ್ಲ, ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ನಮ್ಮದು ಸನ್‌ಬ್ರೆಲಾ, 1961ರಿಂದ ಮಾರುಕಟ್ಟೆಯಲ್ಲಿರುವ ಅಕ್ರಿಲಿಕ್ ಬಟ್ಟೆ. ಇದರಲ್ಲಿ ಎಳೆ ತಯಾರಾಗುವ ಮೊದಲೇ ದ್ರಾವಣಕ್ಕೆ ಬಣ್ಣ ಬೆರೆಸುತ್ತಾರೆ. ಬೀಟ್‌ರೂಟನ್ನು ಎಲ್ಲಿ ಕತ್ತರಿಸಿದರೂ ಕೆಂಪಿರುವ ಹಾಗೆ ಎಳೆಯ ಒಳಗೂ ಹೊರಗೂ ಒಂದೇ ಬಣ್ಣ, ಆದ್ದರಿಂದ ಬಿಸಿಲಿಗೆ ಬೇಗ ಬಗ್ಗುವುದಿಲ್ಲ. ಹೊಲಿಯುವುದು ಮಾತ್ರ ಸಾಮಾನ್ಯವಾಗಿ ಪಾಲಿಯೆಸ್ಟರ್ ದಾರದಲ್ಲಿ. ಸೂರ್ಯನ ನೇರಳಾತೀತ ಕಿರಣ ಪಾಲಿಮರಿನ ಉದ್ದ ಸರಪಳಿಗಳನ್ನು ತುಂಡರಿಸುತ್ತಾ ಹೋಗುತ್ತದೆ. ದಾರ ಬಟ್ಟೆಗಿಂತ ಮೇಲೆ ಎದ್ದು ಕೂತಿರುತ್ತದೆ, ಬಿಸಿಲೂ ಅದಕ್ಕೇ, ತಿಕ್ಕಾಟವೂ ಅದಕ್ಕೇ. ನಮ್ಮ ಹೊದಿಕೆಯಲ್ಲಿ ಮೇಲಿನ ದಾರವನ್ನು ಉಗುರಿನಿಂದ ಎಳೆದರೆ ಪುಡಿಪುಡಿ. ಅದೇ ಹೊಲಿಗೆಯ ಒಳಮೈಯ ದಾರ, ನೆರಳಿನಲ್ಲೇ ಇದ್ದದ್ದು, ಎಳೆದರೆ ಬೆರಳು ಕುಯ್ಯುವಷ್ಟು ಗಟ್ಟಿ!

ಆದ್ದರಿಂದ ಮೊದಲ ಕೆಲಸ ಪರೀಕ್ಷೆ. ಹೊಲಿಗೆಯ ಪಕ್ಕದ ಬಟ್ಟೆಗೆ ಹೆಬ್ಬೆರಳು ಒತ್ತಿ ಜಗ್ಗಿ. ಹಪ್ಪಳದ ಹಾಗೆ ಮುರಿದರೆ ರಿಪೇರಿ ಬೇಡ, ಹೊಸದೇ ತನ್ನಿ. ಬಟ್ಟೆ ಗಟ್ಟಿ ಇದ್ದರೆ, ಬಿಟ್ಟ ಹೊಲಿಗೆಯೊಂದನ್ನೇ ಅಲ್ಲ, ಮೇಲ್ಭಾಗದ ಎಲ್ಲ ಹೊಲಿಗೆಗಳನ್ನೂ ಉಗುರಿನಿಂದ ಕೆರೆದು ನೋಡಿ. ಅವೂ ಅಷ್ಟೇ ವರ್ಷ ಅದೇ ಬಿಸಿಲು ತಿಂದಿವೆ. ನಾನು ಒಂದನ್ನು ಹೊಲಿದು ಬೀಗಿದೆ, ಜೂನ್‌ನಲ್ಲಿ ಅದರ ಪಕ್ಕದ್ದು ಬಿಟ್ಟಿತು.

ದಾರದ ವಿಷಯದಲ್ಲಿ ಜಿಪುಣತನ ಬೇಡ. ಹತ್ತಿ ದಾರ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಪಾಲಿಯೆಸ್ಟರ್‌ಗಿಂತ ಬೇಗ ಸೋಲುತ್ತದೆ. ದೋಣಿ ಸಾಮಾನಿನ ಅಂಗಡಿಯಲ್ಲಿ ವಿ-92 ಎಂಬ ಅಳತೆಯ, ನೇರಳಾತೀತ ಕಿರಣ ತಡೆಯುವ ಪಾಲಿಯೆಸ್ಟರ್ ದಾರ ಕೇಳಿ. ಇನ್ನೂ ಮೇಲ್ದರ್ಜೆಯದು ಟೆನಾರಾ. ಅದು ಪಿಟಿಎಫ್‌ಇ, ಅಂದರೆ ನಮ್ಮ ನಾನ್‌ಸ್ಟಿಕ್ ದೋಸೆ ಕಾವಲಿಗೆ ಬಳಿದಿರುವ ಟೆಫ್ಲಾನ್ ಜಾತಿಯದೇ. ಬಿಸಿಲು ಅದಕ್ಕೆ ಏನೂ ಮಾಡುವುದಿಲ್ಲ. ಬೆಲೆ ಹಲವು ಪಟ್ಟು ಹೆಚ್ಚು, ದಾರ ಜಾರುತ್ತದೆ, ತುದಿಯನ್ನು ಬೆಂಕಿಕಡ್ಡಿಯಿಂದ ಕರಗಿಸಿ ಅಂಟಿಸಲು ಆಗುವುದಿಲ್ಲ. ನಾನು ವಿ-92 ತಂದೆ.

ಹೊದಿಕೆಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪು ಹಾಕಿ ತೊಳೆದು ಗಾಳಿಗೆ ಒಣಗಿಸಿ. ಡ್ರೈಯರ್‌ಗೆ ಹಾಕಬೇಡಿ, ಕುಗ್ಗಿದರೆ ದೋಣಿಗೆ ಹಿಡಿಸುವುದಿಲ್ಲ. ಹಳೇ ದಾರದ ಚೂರುಗಳನ್ನು ಒಂದೊಂದಾಗಿ ಕಿತ್ತು ತೆಗೆದು, ಎರಡೂ ಅಂಚಿನ ಹಳೇ ತೂತುಗಳು ಒಂದರ ಮೇಲೊಂದು ಕೂರುವಂತೆ ಜೋಡಿಸಿ. ಹಿಡಿದಿಡಲು ಗುಂಡುಪಿನ್ನು ಬೇಡ, ಪ್ರತಿ ಪಿನ್ನೂ ಸೋರುವ ಒಂದು ತೂತು. ಎರಡೂ ಕಡೆ ಅಂಟುವ ಕಾಲಿಂಚಿನ ಟೇಪು ಇದಕ್ಕೆಂದೇ ಸಿಗುತ್ತದೆ. ಜೊತೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು. ಹೊಲಿಗೆ ಬೀಳಬೇಕಾದದ್ದು ಹಳೇ ತೂತುಗಳಲ್ಲೇ, ಹೊಸ ತೂತು ಮಾಡಬಾರದು.

ಸಪಾಟಾದ ಜಾಗವಾದರೆ ಮನೆಯ ಹೊಲಿಗೆ ಯಂತ್ರವೂ ನಡೆಯುತ್ತದೆ. ಹದಿನೆಂಟನೇ ನಂಬರಿನ ಸೂಜಿ, ಉದ್ದನೆ ಹೊಲಿಗೆ, ದಪ್ಪ ಮಡಿಕೆ ಬಂದಾಗ ಮೋಟರ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ನಮ್ಮ ಯಂತ್ರ ವಿ-92 ದಾರವನ್ನು ಕಂಡೇ ಮುನಿಸಿಕೊಂಡಿತು. ಆದ್ದರಿಂದ ಕೈ ಹೊಲಿಗೆಯ ಸ್ಪೀಡಿ ಸ್ಟಿಚರ್ ಎಂಬ ಸಾಧನ ತಂದೆ. ಮರದ ಹಿಡಿ, ತುದಿಯಲ್ಲಿ ಕಣ್ಣಿರುವ ದಪ್ಪ ಸೂಜಿ, ಹಿಡಿಯೊಳಗೇ ದಾರದ ಉರುಳೆ. ಅಮ್ಮ ನೋಡಿ "ಇದು ದಬ್ಬಣನೇ, ಹೊಟ್ಟೆಯಲ್ಲಿ ನೂಲುಂಡೆ ಇಟ್ಟಿದಾರೆ" ಎಂದಳು.

ಇದನ್ನು ಬಳಸುವ ರೀತಿ ಹೀಗೆ. ಮೊದಲ ತೂತಿನಲ್ಲಿ ಸೂಜಿ ಇಳಿಸಿ, ಕೆಳಗೆ ಬಂದ ದಾರವನ್ನು ಹೊಲಿಯಬೇಕಾದ ಉದ್ದಕ್ಕಿಂತ ಒಂದು ಗೇಣು ಹೆಚ್ಚಿಗೆ ಎಳೆದು ಸೂಜಿಯನ್ನು ಹಿಂತೆಗೆಯಿರಿ. ಮುಂದಿನ ತೂತಿನಲ್ಲಿ ಸೂಜಿ ಪೂರ್ತಿ ಇಳಿಸಿ, ಕಾಲಿಂಚು ಹಿಂದಕ್ಕೆಳೆದರೆ ಕೆಳಗೆ ಒಂದು ಕುಣಿಕೆ ಏಳುತ್ತದೆ. ಆ ಕುಣಿಕೆಯಲ್ಲಿ ಕೆಳಗಿನ ದಾರದ ತುದಿ ತೂರಿಸಿ, ಸೂಜಿಯನ್ನು ಮೇಲೆ ತೆಗೆದು, ಎರಡೂ ಕಡೆ ಸಮನಾಗಿ ಎಳೆಯಿರಿ. ಕೊಂಡಿ ಬಟ್ಟೆಯ ದಪ್ಪದೊಳಗೆ ಅಡಗಬೇಕು. ಕೆಳಗೆ ಕಾಣಿಸಿದರೆ ಮೇಲಿನದು ಸಡಿಲ, ಮೇಲೆ ಕಾಣಿಸಿದರೆ ಕೆಳಗಿನದು ಸಡಿಲ. ಗಟ್ಟಿ ಇರಲಿ ಎಂದು ಜಗ್ಗಿದರೆ ಬಟ್ಟೆ ಸುಕ್ಕುಗಟ್ಟಿ ಅಲ್ಲೇ ನೀರು ನಿಲ್ಲುತ್ತದೆ. ಬಿಟ್ಟ ಜಾಗಕ್ಕೆ ಎರಡು ಇಂಚು ಮೊದಲೇ ಶುರುಮಾಡಿ, ಎರಡು ಇಂಚು ಆಚೆ ಮುಗಿಸಿ. ನಾನು ಮೇಲೆ, ಅಮ್ಮ ಕೆಳಗೆ ಕುಣಿಕೆ ಹಿಡಿಯಲು. ನಾಲ್ಕು ಅಡಿಗೆ ಎರಡು ಸಂಜೆ ಹಿಡಿಯಿತು. ಅಷ್ಟರಲ್ಲಿ ಊರಿನ ಎಲ್ಲ ಮದುವೆಗಳ ಸುದ್ದಿಯೂ ತಿಳಿಯಿತು.

ಗಾಜಿನ ಚೌಕಟ್ಟಿನ ಮೂಲೆ ತಾಗುವ ಕಡೆ ಒಳಗಿನಿಂದ ಅದೇ ಬಟ್ಟೆಯ ತೇಪೆ ಹಾಕಿದೆ, ತೇಪೆಯ ಮೂಲೆಗಳನ್ನು ಗುಂಡಗೆ ಕತ್ತರಿಸಿ. ಚೂಪು ಮೂಲೆ ಮೊದಲು ಏಳುತ್ತದೆ. ಹೊಲಿಗೆಯ ಮೇಲೆ ಜೇನುಮೇಣ ಉಜ್ಜಿ, ಬಟ್ಟೆಗೆ ನೀರು ತಡೆಯುವ ಸ್ಪ್ರೇ ಹೊಡೆದೆ. ಒಟ್ಟು ಖರ್ಚು 45 ಡಾಲರ್.

ಕೊನೆಗೆ ಕಂಬದ ಲೆಕ್ಕ. ಮೂರು ಅಡಿಗೆ ನಾಲ್ಕು ಅಡಿ ಜಾಗದಲ್ಲಿ ಸರಾಸರಿ ನಾಲ್ಕು ಇಂಚು ನೀರು ನಿಂತರೆ ನಾಲ್ಕು ಘನ ಅಡಿ. ಒಂದು ಘನ ಅಡಿ ನೀರು 62.4 ಪೌಂಡ್, ಒಟ್ಟು 250 ಪೌಂಡ್ ಹತ್ತಿರ. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಹನ್ನೆರಡೂವರೆ! ಸತ್ತ ನೂಲಿನ ಮೇಲೆ ನಾನು ಇಟ್ಟಿದ್ದು ಅಷ್ಟು ಭಾರ. ಈ ಅಕ್ಟೋಬರ್‌ನಲ್ಲಿ ಕಂಬ ಮೊದಲು, ಹೊದಿಕೆ ಆಮೇಲೆ, ಟ್ರೈಲರಿನ ಮೂತಿ ಮೇಲಕ್ಕೆ. ನೆಲದ ಪ್ಲೈವುಡ್ ಹದಿನೈದು ದಿನ ಫ್ಯಾನ್ ಹಾಕಿದ ಮೇಲೆ ಒಣಗಿತು, ಒಂದು ಮೂಲೆ ಮಾತ್ರ ಮೆತ್ತಗಿದೆ. ಮೈಸೂರಿನವರು ಅಲ್ಲಿ ಕಾಲಿಡುವಾಗಲೆಲ್ಲ ನನ್ನ ಮುಖ ನೋಡುತ್ತಾರೆ.

ದಬ್ಬಣ ನಮ್ಮ ಗರಾಜಿನಲ್ಲಿದೆ. ಬೇಕಾದವರು ಫೋನ್ ಮಾಡಿ ಬಂದು ತೆಗೆದುಕೊಂಡು ಹೋಗಿ. ದಾರ ನಿಮ್ಮದು, ಕಾಫಿ ನಮ್ಮದು.