ಕೊಕ್ಕರೆಬೆಳ್ಳೂರು: ಊರೇ ಕಾಯುವ ಹಕ್ಕಿತಾಣ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿದರೆ ಸುಮಾರು 12 ಕಿ.ಮೀ. ದೂರದಲ್ಲಿದೆ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಊರಿಗೆ ಬೇಲಿಯಿಲ್ಲ. ದನದ ಕೊಟ್ಟಿಗೆ, ಹುಲ್ಲಿನ ಮೆದೆ, ಪಕ್ಕದಲ್ಲೇ ಹುಣಸೆಮರ. ಮರದ ನೆತ್ತಿಯ ಮೇಲೆ ಹೆಜ್ಜಾರ್ಲೆಗಳ ಸಂಸಾರ.

ಫೆಬ್ರವರಿ, ಮಾರ್ಚ್ ಹೊತ್ತಿಗೆ ಮರದಡಿ ನಿಂತರೆ ಮೊದಲು ಮೂಗಿಗೆ ಬಡಿಯುವುದು ಮೀನಿನ ವಾಸನೆ. ಹಿಕ್ಕೆ ಬಿದ್ದು ಎಲೆಗಳೆಲ್ಲ ಬೆಳ್ಳಗಾಗಿವೆ. ಮೇಲೆ ತಾಯಿ ಹೆಜ್ಜಾರ್ಲೆ ಬಾಯಿ ತೆರೆದರೆ ಮರಿ ತಲೆಯನ್ನೇ ಅದರ ಗಂಟಲಚೀಲದೊಳಗೆ ತೂರಿಸಿ ಮೀನು ಹೆಕ್ಕುತ್ತದೆ. ಆಚೆಯ ಕೊಂಬೆಯಲ್ಲಿ ಬಣ್ಣದ ಕೊಕ್ಕರೆಗಳು ಕೊಕ್ಕು ತಟ್ಟುವ ಸದ್ದು. ಈ ಹಕ್ಕಿಗಳನ್ನು ಊರವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆನ್ನುತ್ತಾರೆ.

ಮರಗಳು ಹೆಚ್ಚಾಗಿ ರೈತರ ಸ್ವಂತದವು. ಹಕ್ಕಿ ಗೂಡು ಕಟ್ಟಿದ ಮರದಲ್ಲಿ ಹುಣಸೆ ಬಡಿಯುವಂತಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರಲ್ಲೇ ಒಂದು ಆವರಣವಿದೆ.

ಇಂಥ ಊರನ್ನು ಅಭಯಾರಣ್ಯ ಮಾಡಿದ್ದರೆ ಜನರ ಬದುಕಿಗೇ ಕಟ್ಟುಪಾಡು ಬೀಳುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ಬೇರೆ ದಾರಿ ತೋರಿತು: ಸಮುದಾಯ ಮೀಸಲು. ಜನ ತಾವಾಗಿ ಮುಂದೆ ಬಂದರೆ ಅವರ ಜಮೀನನ್ನು ಸರ್ಕಾರ ಹಾಗೆ ಘೋಷಿಸಬಹುದು. ಜಮೀನು ಅವರದೇ ಆಗಿರುತ್ತದೆ. ನಿರ್ವಹಣಾ ಸಮಿತಿಯಲ್ಲಿ ಊರಿನ ಪ್ರತಿನಿಧಿಗಳದ್ದೇ ಬಹುಮತ. ಭೂಬಳಕೆ ಬದಲಿಸಲು ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕು. 2007ರಲ್ಲಿ ಕೊಕ್ಕರೆಬೆಳ್ಳೂರು ಸಮುದಾಯ ಮೀಸಲಾಯಿತು. ಇನ್ನು, ಕಾಡುಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕೆದಕುವುದು ಕೂಡ ಈ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ.

ಊರಿನಾಚೆ ಶಿಂಷಾ ನದಿಯ ಕಡೆ ನಡೆದಾಗ ಕಾನೂನಿನ ಕೊರತೆ ಕಾಣುತ್ತದೆ. ಹೆಜ್ಜಾರ್ಲೆ ಗೂಡು ಕಟ್ಟುವುದು ಇಲ್ಲಿ, ಮೇಯುವುದು ಸುತ್ತಲಿನ ಕೆರೆಗಳಲ್ಲಿ, ಹೊಳೆಯಲ್ಲಿ. ಮೀಸಲಿನ ಗಡಿ ಅಷ್ಟು ದೂರ ಚಾಚುವುದಿಲ್ಲ. ಕೆರೆ ಬತ್ತಿದರೆ, ಕೊಳಚೆ ಸೇರಿದರೆ, ಮರ ಎಷ್ಟು ಭದ್ರವಾಗಿದ್ದರೂ ಮರಿ ಉಪವಾಸ ಬೀಳುತ್ತದೆ.

ಜನ ಮನಸ್ಸು ಮಾಡಿದ ಕಡೆ ಕಾನೂನು ಫಲ ಕೊಡುತ್ತದೆಂಬುದಕ್ಕೆ ಈ ಊರು ಸಾಕ್ಷಿ. ಮರಕ್ಕೆ ಸಿಕ್ಕ ರಕ್ಷಣೆ ಕೆರೆಗೂ ಸಿಗಬೇಕು. ನೋಡಲು ಹೋಗುವವರು ಸದ್ದು ಮಾಡದೆ, ಮರದಿಂದ ದೂರ ನಿಂತು ನೋಡಿ. ಡ್ರೋನ್, ಪಟಾಕಿ ಬೇಡವೇ ಬೇಡ. ನಿಮ್ಮೂರಿನ ಕೆರೆಯಲ್ಲೂ ಹಕ್ಕಿ ಮೇಯುತ್ತಿದ್ದರೆ ಅದರ ಒತ್ತುವರಿ ತಡೆಯುವ ಮಾತನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಿ.