ಸಮಬಲದಲ್ಲಿ ಗೆದ್ದವರು ಯಾರು?

ಹಾರಂಗಿ ಅಣೆಕಟ್ಟೆ ದಾಟಿ ಹರಿಯುವ ನದಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಕೂಡಿಗೆಯಲ್ಲಿ ಕ್ರೀಡಾಶಾಲೆಯಿದೆ. ಹಾಕಿ ಸ್ಟಿಕ್ ಹಿಡಿದು ಹೊರಟ ಮಕ್ಕಳು ಈ ಭಾಗದವರಿಗೆ ಹೊಸ ನೋಟವೇನಲ್ಲ. ಕೊಡಗಿನಲ್ಲಿ ಹಾಕಿ ಮನೆಮನೆಯ ಆಟ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕೊಡವ ಕುಟುಂಬಗಳ ತಂಡಗಳೊಂದಿಗೆ ಆರಂಭಿಸಿದ ಹಾಕಿ ಹಬ್ಬದಲ್ಲಿ, 2024ರಲ್ಲಿ 360 ತಂಡಗಳು ಆಡಿದವು.

ಇಂಥ ಪಂದ್ಯಾವಳಿಗಳಲ್ಲಿ ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಹಾಗಾದರೆ ಗೋಲುಗಳು ಸಮವಾದಾಗ ಏನು ಮಾಡಬೇಕು? ಒಬ್ಬರನ್ನು ಆರಿಸಲೇಬೇಕು. ಆದರೆ ಆ ಆಯ್ಕೆ ನ್ಯಾಯವಾದದ್ದೇ?

ಈ ಪ್ರಶ್ನೆಯ ಬಿಸಿ ಕೊಡಗಿಗೆ ಚೆನ್ನಾಗಿ ಗೊತ್ತು. 1973ರಲ್ಲಿ ಹಾಲೆಂಡಿನ ಆಮ್‌ಸ್ಟೆಲ್‌ವೀನ್‌ನಲ್ಲಿ ವಿಶ್ವಕಪ್ ಫೈನಲ್. ಕೊಡಗಿನ ಎಂ.ಪಿ. ಗಣೇಶ್ ಭಾರತದ ನಾಯಕ. ಎರಡು ಗೋಲುಗಳ ಮುನ್ನಡೆ ಪಡೆದಿದ್ದ ಭಾರತವನ್ನು ಹಾಲೆಂಡ್ ಸರಿಗಟ್ಟಿತು, 2-2. ಹೆಚ್ಚುವರಿ ಸಮಯದ ‘ಸಡನ್ ಡೆತ್’ ಅವಧಿಯಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಗೋಲಾಗಿದ್ದರೆ ಅಲ್ಲಿಗೇ ಕಪ್ ಭಾರತದ್ದು. ಚೆಂಡನ್ನು ಹೊಡೆಯಲು ನಿಂತವರು ಕೊಡಗಿನವರೇ ಆದ ಬಿ.ಪಿ. ಗೋವಿಂದ. ಅದು ಗೋಲಾಗಲಿಲ್ಲ. ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳ ಸರದಿಯಲ್ಲಿ ಹಾಲೆಂಡ್ 4-2ರಿಂದ ಗೆದ್ದಿತು.

ಫಲಿತಾಂಶ ಕಹಿಯಾಗಿತ್ತು, ನಿಜ. ಆದರೆ ನಿಯಮ ಅನ್ಯಾಯದ್ದೆನ್ನಲು ಬರುವುದಿಲ್ಲ. ಹಾಕಿಯಲ್ಲಿ ಚೆಂಡು ಯಾರ ಸ್ವತ್ತೂ ಅಲ್ಲ; ಎದುರಾಳಿಯಿಂದ ಯಾವ ಕ್ಷಣದಲ್ಲಾದರೂ ಕಸಿದುಕೊಳ್ಳಬಹುದು. ಮೊದಲ ಗೋಲು ಹೊಡೆಯುವ ಅವಕಾಶ ಎರಡೂ ತಂಡಗಳಿಗೆ ತೆರೆದಿತ್ತು.

ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನ ಕಥೆಯೇ ಬೇರೆ. ಕೈಯಲ್ಲಿ ಚೆಂಡು ಹಿಡಿದು ಓಡುವ ಆ ಆಟದಲ್ಲಿ ತಂಡಗಳು ಸರದಿಯಂತೆ ದಾಳಿ ಮಾಡುತ್ತವೆ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಚೆಂಡು ಅವರಲ್ಲೇ ಉಳಿಯುತ್ತದೆ. ಪಂದ್ಯ ಸಮವಾದರೆ ಹೆಚ್ಚುವರಿ ಸಮಯ. ಮೊದಲ ಸರದಿ ಯಾರದ್ದೆಂದು ತೀರ್ಮಾನಿಸುವುದು ಟಾಸ್. ಹಿಂದೆ ಮೊದಲು ಅಂಕ ಗಳಿಸಿದವರೇ ಗೆದ್ದಂತೆ. ಪ್ಲೇ-ಆಫ್ ಪಂದ್ಯಗಳಿಗೆ 2010ರಲ್ಲಿ ಇದನ್ನು ಸಡಿಲಿಸಿದರೂ, ಮೊದಲ ಸರದಿಯಲ್ಲೇ ಆರು ಅಂಕಗಳ ‘ಟಚ್‌ಡೌನ್’ ಬಂದರೆ ಆಟ ಮುಗಿಯುತ್ತಿತ್ತು.

2022ರ ಜನವರಿಯಲ್ಲಿ ಆದದ್ದೂ ಅದೇ. ಕಾನ್ಸಾಸ್ ಸಿಟಿ ಮತ್ತು ಬಫಲೊ ತಂಡಗಳು 36-36ರಲ್ಲಿ ಸಮವಾದವು. ಟಾಸ್ ಗೆದ್ದ ಕಾನ್ಸಾಸ್ ಸಿಟಿ ಮೊದಲ ಸರದಿಯಲ್ಲೇ ಟಚ್‌ಡೌನ್ ಗಳಿಸಿತು. ಬಫಲೊಗೆ ದಾಳಿಯ ಒಂದು ಅವಕಾಶವೂ ಸಿಗಲಿಲ್ಲ! ಅದೇ ವರ್ಷ ಪ್ಲೇ-ಆಫ್‌ಗೆ ಇಬ್ಬರಿಗೂ ಒಂದೊಂದು ಸರದಿ ಕೊಡುವ ನಿಯಮ ಬಂತು. 2025ರಲ್ಲಿ ಲೀಗ್ ಹಂತದ ಪಂದ್ಯಗಳಿಗೂ ವಿಸ್ತರಿಸಿತು. 2024ರ ‘ಸೂಪರ್ ಬೌಲ್’ ಫೈನಲ್‌ನಲ್ಲಿ ಟಾಸ್ ಗೆದ್ದ ಸ್ಯಾನ್ ಫ್ರಾನ್ಸಿಸ್ಕೊ ಮೊದಲು ಆಡಿ ಮೂರು ಅಂಕ ಗಳಿಸಿತು. ಮರುಸರದಿಯಲ್ಲಿ ಟಚ್‌ಡೌನ್ ಗಳಿಸಿದ ಕಾನ್ಸಾಸ್ ಸಿಟಿ 25-22ರಿಂದ ಗೆದ್ದಿತು. ಹಳೆಯ ಕಾಲದಲ್ಲಾಗಿದ್ದರೆ ಆ ಮೂರು ಅಂಕಗಳಿಗೇ ಆಟ ಮುಗಿಯುತ್ತಿತ್ತು.

ಇಂದಿನ ಹಾಕಿಯ ಶೂಟೌಟ್ ಈ ಸಮಪಾಲನ್ನು ಮೊದಲಿನಿಂದಲೇ ಒಪ್ಪಿಕೊಂಡಿದೆ. ಪ್ರತಿ ತಂಡದಿಂದ ಐವರು. 23 ಮೀಟರ್ ಗೆರೆಯಿಂದ ಚೆಂಡು ಒಯ್ದು, ಗೋಲ್‌ಕೀಪರನ್ನು ವಂಚಿಸಿ ಗೋಲು ಹೊಡೆಯಲು ಎಂಟು ಸೆಕೆಂಡ್. ಆಗಲೂ ಸಮವಾದರೆ ಇಬ್ಬರಿಗೂ ಮತ್ತೆ ಒಂದೊಂದೇ ಯತ್ನ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿದ್ದು ಹೀಗೆಯೇ, 4-2ರಿಂದ. ಕೊಡಗಿನ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಆ ತಂಡದಲ್ಲಿದ್ದರು.

ಆದರೆ ನಿಯಮ ಚೆನ್ನಾಗಿದ್ದರಷ್ಟೇ ಸಾಲದು, ಅದನ್ನು ನಡೆಸುವವರೂ ಎಚ್ಚರವಾಗಿರಬೇಕು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ ಮಹಿಳಾ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ ಮೊದಲ ಯತ್ನವನ್ನು ಭಾರತದ ಸವಿತಾ ಪೂನಿಯಾ ತಡೆದರು. ಅಷ್ಟರಲ್ಲಿ ಗಡಿಯಾರ ಓಡಿರಲಿಲ್ಲವೆಂದು ಮತ್ತೊಮ್ಮೆ ಹೊಡೆಯಲು ಹೇಳಿದರು! ಎರಡನೆಯ ಸಲ ಗೋಲಾಯಿತು, ಭಾರತ ಸೋತಿತು. ಅಂತರರಾಷ್ಟ್ರೀಯ ಹಾಕಿ ಒಕ್ಕೂಟ ಆಮೇಲೆ ಕ್ಷಮೆ ಕೇಳಿತು, ಫಲಿತಾಂಶ ಮಾತ್ರ ಬದಲಾಗಲಿಲ್ಲ. ಆದರೂ ಆ ಹುಡುಗಿಯರು ಕುಗ್ಗಲಿಲ್ಲ. ನ್ಯೂಜಿಲೆಂಡ್ ವಿರುದ್ಧದ ಪಂದ್ಯವನ್ನು ಶೂಟೌಟ್‌ನಲ್ಲೇ ಗೆದ್ದು ಕಂಚಿನ ಪದಕ ತಂದರು.

ಇಷ್ಟೆಲ್ಲ ನೋಡಿದ ಮೇಲೆ ತಿಳಿಯುವುದೇನು? ಟೈಬ್ರೇಕರ್ ಹೆಚ್ಚು ಯೋಗ್ಯರನ್ನು ಹುಡುಕುವ ಅಳತೆಗೋಲಲ್ಲ. ಯೋಗ್ಯತೆಯಲ್ಲಿ ಇಬ್ಬರೂ ಸಮವೆಂದು ಪಂದ್ಯವೇ ಹೇಳಿಯಾಗಿದೆ. ಇಬ್ಬರಲ್ಲೊಬ್ಬರನ್ನು ಮುಂದೆ ಕಳಿಸುವ ಉಪಾಯ ಅದು, ಅಷ್ಟೇ. ಆ ಉಪಾಯ ಇಬ್ಬರಿಗೂ ಮೊದಲೇ ಗೊತ್ತಿದ್ದು, ಇಬ್ಬರಿಗೂ ಸಮಾನ ಸರದಿ ಕೊಟ್ಟರೆ ಅದು ನ್ಯಾಯ. ಒಬ್ಬರ ಸರದಿಯನ್ನು ನಾಣ್ಯ ನುಂಗಿಹಾಕಿದರೆ ಅನ್ಯಾಯ.

ಈ ಮಾತು ಮೈದಾನಕ್ಕಷ್ಟೇ ಸಲ್ಲುವುದಲ್ಲ. ಪ್ರವೇಶ ಪರೀಕ್ಷೆಯಲ್ಲಿ ಸಮ ಅಂಕ ಬಂದು ಒಂದೇ ಸೀಟು ಉಳಿದಾಗಲೂ ಯಾವುದೋ ಒಂದು ನಿಯಮ ಒಬ್ಬರನ್ನು ಹಿಂದೆ ಸರಿಸುತ್ತದೆ. ಹಾಗೆ ಹಿಂದುಳಿದ ಮಗುವನ್ನು ‘ಸೋತೆ’ ಎಂದು ಹಂಗಿಸುವ ಮೊದಲು ತಂದೆ ತಾಯಿ ಅಂಕಪಟ್ಟಿಯನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಆಮ್‌ಸ್ಟೆಲ್‌ವೀನ್‌ನಲ್ಲಿ ಸ್ಟ್ರೋಕ್ ತಪ್ಪಿಸಿಕೊಂಡ ಗೋವಿಂದ ಏನಾದರು? ಎರಡು ವರ್ಷಗಳ ಬಳಿಕ, 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಅವರು ಆ ತಂಡದಲ್ಲಿದ್ದರು.