ಐದು ಲೀಟರ್ ನೀರು, ಒಂದು ಚಮಚ ಸಕ್ಕರೆ: ಮಧುಮೇಹ ಮತ್ತು ರಕ್ತನಾಳ

ಹತ್ತನೇ ತರಗತಿಯ ವಿಜ್ಞಾನದಲ್ಲಿ ರಕ್ತನಾಳ ಒಂದು ಪಾಠದಲ್ಲಿ ಬರುತ್ತದೆ, ಇನ್ಸುಲಿನ್ ಇನ್ನೊಂದರಲ್ಲಿ. ಇವೆರಡನ್ನೂ ಜೋಡಿಸುವ ಕೆಲಸ ಶಿಕ್ಷಕರದು. ಚಿಕ್ಕಲಸಂದ್ರದ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆಯ ವೇಳೆ ಒಬ್ಬ ಹುಡುಗಿ ಕೇಳಿದಳು: “ಮಿಸ್, ಸಕ್ಕರೆ ಇರೋದು ರಕ್ತದಲ್ಲಿ. ಮತ್ತೆ ನಮ್ಮ ತಾತನ ಕಾಲ್ಬೆರಳು ಯಾಕೆ ತೆಗೆದ್ರು?” ಆ ಪ್ರಶ್ನೆಗೆ ಉತ್ತರವಾಗಿ ಸಿದ್ಧಪಡಿಸಿದ ಪಾಠದ ಕ್ರಮ ಇಲ್ಲಿದೆ.

ಮೊದಲು ಮಕ್ಕಳ ಊಹೆ ಕೇಳಿದೆ. ಬೋರ್‌ವೆಲ್ ನೀರು ನಲ್ಲಿಯಲ್ಲಿ ಬಿಳಿ ಪದರ ಕಟ್ಟುವಂತೆ ಸಕ್ಕರೆಯೂ ನಾಳದೊಳಗೆ ಕಟ್ಟಿಕೊಳ್ಳುತ್ತದೆ ಎಂದರು. ಇದನ್ನು ಒಂದು ಲೆಕ್ಕದಿಂದ ಪರೀಕ್ಷಿಸಬಹುದು. ವಯಸ್ಕರಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಡೆಸಿಲೀಟರಿಗೆ 100 ಮಿಲಿಗ್ರಾಂ ಎಂದರೆ ಒಟ್ಟು 5 ಗ್ರಾಂ, ಒಂದು ಟೀ ಚಮಚ. ಖಾಲಿಹೊಟ್ಟೆಯಲ್ಲಿ 126 ಮುಟ್ಟಿದರೆ ಮಧುಮೇಹ. ಆಗಲೂ ಅದು 6.3 ಗ್ರಾಂ ಅಷ್ಟೆ. ಎರಡು ಬಕೆಟ್‌ಗಳಲ್ಲಿ ಐದೈದು ಲೀಟರ್ ನೀರು ತುಂಬಿ ಅಷ್ಟಷ್ಟು ಸಕ್ಕರೆ ಹಾಕಿಸಿ. ಕಲಕಿದರೆ ಎರಡರಲ್ಲೂ ಪೂರ್ತಿ ಕರಗುತ್ತದೆ, ತಳದಲ್ಲಿ ಒಂದು ಕಣವೂ ಉಳಿಯುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ರಕ್ತನಾಳ ಕೊಳವೆಯಲ್ಲ, ಜೀವಂತ ಅಂಗಾಂಶ. ಅದರ ಒಳಗೋಡೆಗೆ ಒಂದೇ ಜೀವಕೋಶದಷ್ಟು ದಪ್ಪದ ಹಾಸು ಇದೆ, ಹೆಸರು ಎಂಡೋಥೀಲಿಯಂ. ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಮೊಲದ ಮಹಾಪಧಮನಿಯ ತುಂಡುಗಳಲ್ಲಿ ಇದರ ಕೆಲಸ ತೋರಿಸಿದರು: ಹಾಸು ಇದ್ದರೆ ಅಸಿಟೈಲ್‌ಕೋಲಿನ್‌ಗೆ ನಾಳ ಸಡಿಲಗೊಳ್ಳುತ್ತದೆ, ಉಜ್ಜಿ ತೆಗೆದರೆ ಇಲ್ಲ. ಸಡಿಲಿಸುವ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಮುಂದೆ ತಿಳಿಯಿತು. ಈ ಶೋಧಕ್ಕೆ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಅವರಿಗೆ 1998ರ ನೊಬೆಲ್ ಬಂತು.

ಸ್ನಾಯುಕೋಶ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳಲು ಹೆಚ್ಚಾಗಿ ಇನ್ಸುಲಿನ್‌ಗೆ ಕಾಯುತ್ತದೆ. ಈ ಹಾಸಿನ ಕೋಶ ಹಾಗೆ ಕಾಯುವುದಿಲ್ಲ. ಹೊರಗೆ ಗ್ಲೂಕೋಸ್ ಏರಿದರೆ ಒಳಗೂ ಏರುತ್ತದೆ. ಆಗ ಕೋಶದೊಳಗೆ ಹುಟ್ಟುವ ಚುರುಕಾದ ಆಕ್ಸಿಜನ್ ಕಣಗಳು ನೈಟ್ರಿಕ್ ಆಕ್ಸೈಡನ್ನು ನಾಶಮಾಡುತ್ತವೆ. ನಾಳ ಬೇಕಾದಾಗ ಹಿಗ್ಗುವುದಿಲ್ಲ, ಕಿರುತಟ್ಟೆಗಳು ಸುಲಭವಾಗಿ ಅಂಟುತ್ತವೆ, ಕೊಬ್ಬು ಗೋಡೆಯೊಳಗೆ ಸೇರುತ್ತದೆ. ಗ್ಲೂಕೋಸ್ ಗೋಡೆಯ ಕೊಲಾಜೆನ್‌ಗೂ ಅಂಟಿಕೊಂಡು ನಾಳ ಪೆಡಸಾಗುತ್ತದೆ. ಹೀಗೆಯೇ ಅದು ಹಿಮೋಗ್ಲೋಬಿನ್‌ಗೂ ಅಂಟುತ್ತದೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ; ಹಾಗಾಗಿ ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ.

ಈಗ ಕಪ್ಪುಹಲಗೆಯಲ್ಲಿ ಎರಡು ಸಾಲು ಬರೆಯಿರಿ. ಸಣ್ಣ ನಾಳ ಕೆಟ್ಟರೆ: ಅಕ್ಷಿಪಟ, ಮೂತ್ರಪಿಂಡ, ನರ. ದೊಡ್ಡ ನಾಳ ಕೆಟ್ಟರೆ: ಹೃದಯ, ಮಿದುಳು, ಕಾಲು. ಪಾದದಲ್ಲಿ ಎರಡೂ ಸಾಲು ಕೂಡುತ್ತವೆ. ನರ ಜೋಮು ಹಿಡಿದಿರುವುದರಿಂದ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ. ರಕ್ತ ಸಾಲದೆ ಗಾಯ ಮಾಯುವುದಿಲ್ಲ. ತಾತನ ಬೆರಳಿನ ಪ್ರಶ್ನೆಗೆ ಉತ್ತರ ಮಕ್ಕಳೇ ಇಲ್ಲಿಂದ ಕಟ್ಟಿದರು. ಜಯನಗರದಲ್ಲಿರುವ ಸರ್ಕಾರಿ ಮಧುಮೇಹ ಸಂಸ್ಥೆ, ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದವನ್ನೂ ಏಕೆ ನೋಡುತ್ತಾರೆ ಎಂಬುದನ್ನು ಮೌಲ್ಯಮಾಪನದ ಪ್ರಶ್ನೆಯಾಗಿಸಬಹುದು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ತರಗತಿಯ ಹಲವು ಮಕ್ಕಳ ಮನೆಯಲ್ಲಿ ಈ ಕಾಯಿಲೆ ಇದೆ. ಕೊಳೆತ ಪಾದದ ಚಿತ್ರ ತೋರಿಸಿ ಹೆದರಿಸಬೇಡಿ. “ಸಿಹಿ ತಿಂದಿದ್ದಕ್ಕೇ ಬಂತು” ಎಂಬ ಮಾತಿಗೆ ಎಡೆ ಕೊಡಬೇಡಿ. ಹಾನಿ ವರ್ಷಗಟ್ಟಲೆ ಮೆಲ್ಲಗೆ ಆಗುವಂಥದ್ದು, ಆದ್ದರಿಂದ ತಡೆಯಲು ಸಮಯವೂ ಇದೆ ಎಂಬುದೇ ಪಾಠದ ತಿರುಳು. ನಾನು ಕೊಟ್ಟ ಮನೆಗೆಲಸ ಇಷ್ಟೇ: ಮನೆಯಲ್ಲಿ ಮಧುಮೇಹವಿರುವ ಹಿರಿಯರಿದ್ದರೆ ದಿನಕ್ಕೊಮ್ಮೆ ಅವರ ಅಂಗಾಲು, ಬೆರಳ ಸಂದು ನೋಡಿ, ಗಾಯ, ಬೊಬ್ಬೆ, ಬಣ್ಣ ಬದಲಾದದ್ದು ಕಂಡರೆ ಅಂದೇ ದೊಡ್ಡವರಿಗೆ ಹೇಳಿ, ವೈದ್ಯರಿಗೆ ತೋರಿಸಲಿ.